ಮೂರನೆಯ ಫೈಲ್

ವಿಡಿಯೊ ಓಡಿದರೆ ನನ್ನ ಓರಗಿತ್ತಿಯ ಹೆಸರು, ನಿಂತರೆ ನನ್ನ ಹೆಸರು. ಆರು ವರ್ಷದಿಂದ ಹೀಗೇ ನಡೆದಿದೆ.

ನಾವಿಬ್ಬರೂ ಒಂದೇ ಮನೆಯ ಸೊಸೆಯರು, ಒಂದೇ ಆಸ್ಪತ್ರೆಯಲ್ಲಿ ಕೆಲಸ. ನಾನು ಹಿರಿಯವಳು, ಅವಳು ನನ್ನ ಮೈದುನನ ಹೆಂಡತಿ. ಲಕ್ವ ಹೊಡೆದು ಬಾಯಿ ಬಿದ್ದುಹೋದವರನ್ನು ಎದುರಿಗೆ ಕೂರಿಸಿಕೊಂಡು ಮತ್ತೆ ಮಾತು ಕಲಿಸುವುದು ಅವಳ ಕೆಲಸ. ಅವಳ ಪಾಠಗಳನ್ನು ಆಸ್ಪತ್ರೆಯ ವೆಬ್‌ಸೈಟಿಗೆ ಹಾಕಿ, ಯಾರು ಯಾವ ಯಂತ್ರದಲ್ಲಿ ತೆರೆದರೂ ಓಡುವ ಹಾಗೆ ಮಾಡುವುದು ನನ್ನ ಕೆಲಸ. ನನ್ನ ಕೋಣೆ ಎರಡನೇ ಮಹಡಿಯಲ್ಲಿ, ಲಿಫ್ಟಿನ ಪಕ್ಕ. ಹಿಂದೆ ಅಲ್ಲಿ ಮುರಿದ ಗಾಲಿಕುರ್ಚಿಗಳನ್ನು ಇಡುತ್ತಿದ್ದರಂತೆ. ಎರಡು ಇನ್ನೂ ಅಲ್ಲೇ ಇವೆ, ಒಂದರ ಮೇಲೆ ನನ್ನ ಊಟದ ಡಬ್ಬಿ ಕೂರುತ್ತದೆ.

ನನ್ನ ಕೆಲಸ ಏನೆಂದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ, ಆದ್ದರಿಂದ ನಿಮಗಾದರೂ ಹೇಳುತ್ತೇನೆ. ಬ್ರೌಸರುಗಳು ನೆಂಟರ ಹಾಗೆ. ಒಬ್ಬರಿಗೆ ಒಗ್ಗುವುದು ಇನ್ನೊಬ್ಬರಿಗೆ ಒಗ್ಗುವುದಿಲ್ಲ. ಅದಕ್ಕೆ ಒಂದೊಂದು ಪಾಠವನ್ನೂ ಮೂರು ರೀತಿಯಲ್ಲಿ ಎನ್‌ಕೋಡ್ ಮಾಡಿ ಮೂರು ಫೈಲ್ ಮಾಡುತ್ತೇನೆ. ಮೊದಲನೆಯದು ಹೊಸ ಬ್ರೌಸರುಗಳಿಗೆ, ಗಾತ್ರ ಚಿಕ್ಕದು. ಎರಡನೆಯದು ಹೆಚ್ಚುಕಡಿಮೆ ಎಲ್ಲರಿಗೂ ಆಗುವಂಥದು. ಮೂರನೆಯದು ತೀರಾ ಹಳೆಯವಕ್ಕೆ, ಮಾಡಿದವರೇ ಮರೆತುಬಿಟ್ಟಿರುವಂಥವಕ್ಕೆ. ಪುಟದಲ್ಲಿ ಮೂರನ್ನೂ ಒಂದರ ಕೆಳಗೊಂದು ಬರೆದಿಟ್ಟರೆ ಬ್ರೌಸರು ಮೇಲಿನಿಂದ ಓದುತ್ತಾ ಬಂದು, ತನಗೆ ಅರ್ಥವಾಗುವ ಮೊದಲ ಫೈಲನ್ನು ಎತ್ತಿಕೊಂಡು ಹೊರಟುಬಿಡುತ್ತದೆ. ಉಳಿದವು ಇವೆಯೋ ಇಲ್ಲವೋ ಅದಕ್ಕೆ ಬೇಕಾಗಿಲ್ಲ. ಮೂರನೆಯ ಫೈಲಿನವರೆಗೆ ಇಳಿದು ಬರುತ್ತಿದ್ದದ್ದು ನೂರಕ್ಕೆ ಇಬ್ಬರು. ಆ ಇಬ್ಬರಿಗಾಗಿ ನಾನು ಮೇಜಿನ ಕೆಳಗೆ ಒಂದು ಹಳೆಯ ಕಂಪ್ಯೂಟರ್ ಇಟ್ಟುಕೊಂಡು, ಪ್ರತಿ ಪಾಠವನ್ನೂ ಅದರಲ್ಲಿ ಓಡಿಸಿ ನೋಡಿಯೇ ಹಾಕುತ್ತಿದ್ದೆ.

ನನಗೆ ನನ್ನ ಓರಗಿತ್ತಿಯ ಮೇಲೆ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಹೇಳುವುದೇಕೆ. ಅವಳು ಕೆಟ್ಟವಳಾಗಿದ್ದರೆ ಎಷ್ಟೋ ಸುಲಭವಿತ್ತು. ಯಾರು ಮಾತಾಡಿದರೂ ತಲೆ ಸ್ವಲ್ಪ ವಾಲಿಸಿ ಕೇಳುತ್ತಾಳೆ, ನನ್ನನ್ನು ಬಾಯ್ತುಂಬ ಅಕ್ಕ ಅನ್ನುತ್ತಾಳೆ. ಅತ್ತೆ ಮನೆಗೆ ಬಂದವರಿಗೆಲ್ಲ ಅವಳ ವಿಡಿಯೊ ತೋರಿಸುತ್ತಾರೆ. ನಲ್ಲಿ ರಿಪೇರಿಗೆ ಬಂದವನನ್ನೂ ಬಿಟ್ಟಿಲ್ಲ. "ನಮ್ಮ ಸೊಸೆ," ಎನ್ನುತ್ತಾರೆ. ಕಾಫಿ ಲೋಟ ಹಿಡಿದು ನಿಂತಿದ್ದ ನನ್ನ ಕಡೆ ಆತ ಕೈ ತೋರಿಸಿ "ಇವರು?" ಎಂದ. "ಇವಳೋ, ಇವಳು ಅಲ್ಲೇ ಕಂಪ್ಯೂಟರ್ ನೋಡ್ಕೋತಾಳೆ," ಎಂದರು ಅತ್ತೆ, ಒಲೆಯ ಮೇಲಿನ ಹಾಲು ಉಕ್ಕದಂತೆ ನೋಡಿಕೊಳ್ಳುವವಳ ಬಗ್ಗೆ ಹೇಳುವ ಹಾಗೆ. ಗಂಡನ ಹತ್ತಿರ ಹೇಳಿಕೊಂಡರೆ, "ಬಿಡೆ, ಎಲ್ಲ ಒಂದೇ ಮನೆ ತಾನೇ," ಎಂದು ಟಿವಿ ಕಡೆ ತಿರುಗಿದರು.

ಸಣ್ಣ ಸೇಡುಗಳನ್ನು ತೀರಿಸಿಕೊಂಡಿದ್ದೇನೆ. ವಿಡಿಯೊ ಶುರುವಾಗುವ ಮುಂಚೆ ಒಂದು ಚಿತ್ರ ನಿಂತಿರುತ್ತದಲ್ಲ, ಅದನ್ನು ಆರಿಸುವವಳು ನಾನು. ಕಣ್ಣು ಅರ್ಧ ಮುಚ್ಚಿ, ಬಾಯಿ ಸೊಟ್ಟಗಾದ ಚಿತ್ರ ಆರಿಸಿ ಹಾಕಿದೆ. ಅವಳು ನೋಡಿ ನಕ್ಕಳು. "ಇದರಲ್ಲೇ ಸರಿಯಾಗಿ ನನ್ನ ಹಾಗಿದೀನಿ ಅಕ್ಕ," ಎಂದಳು. ಬಾಯಿ ಸೊಟ್ಟಗಾದ ರೋಗಿಗಳಿಗೂ ಅದೇ ಇಷ್ಟವಾಯಿತಂತೆ.

ಹೋದ ವರ್ಷ ಇಪ್ಪತ್ತು ಹೊಸ ಪಾಠಗಳ ಕೆಲಸ ಬಂತು. ಇವು ಜೊತೆಗೂಡಿ ಹೇಳುವ ಪಾಠಗಳು. ಅವಳು "ನನಗೆ ನೀರು ಬೇಕು" ಎಂದು ನಿಧಾನವಾಗಿ ಹೇಳುತ್ತಾಳೆ, ರೋಗಿ ಅವಳ ತುಟಿ ನೋಡುತ್ತಾ, ದನಿ ಕೇಳುತ್ತಾ, ಅದೇ ಹೊತ್ತಿಗೆ ತಾನೂ ಹೇಳಬೇಕು. ಮಿದುಳಿಗೆ ಮರೆತುಹೋದ ದಾರಿ ಹಾಗೆ ಮತ್ತೆ ಸಿಗುತ್ತದಂತೆ. ನನ್ನ ಕ್ಯಾಮೆರಾದಲ್ಲೇ ತೆಗೆಯೋಣ ಎಂದೆ. ಅವಳು ತನ್ನ ಫೋನಿನಲ್ಲಿ ತೆಗೆದುಕೊಂಡು ಬಂದಳು.

"ಫೋನಲ್ಲಿ ಚಿತ್ರದ ವೇಗ ಏರುಪೇರಾಗುತ್ತೆ ಕಣೆ. ಹಳೇ ಫಾರ್ಮ್ಯಾಟಿಗೆ ಹಾಕಿದ್ರೆ ದನಿ ತುಟಿಗಿಂತ ಹಿಂದೆ ಜಾರುತ್ತೆ," ಎಂದೆ.

"ನಿಮ್ಮ ಕ್ಯಾಮೆರಾ ಮುಂದೆ ಕೂತ್ರೆ ನನಗೆ ನಗು ಬರಲ್ಲ ಅಕ್ಕ. ನೀವಿದೀರಲ್ಲ, ಸರಿ ಮಾಡ್ತೀರ," ಎಂದಳು.

ಅದೇ ವಾರ ಧೈರ್ಯ ಮಾಡಿ ದೊಡ್ಡ ಡಾಕ್ಟರನ್ನು ಕೇಳಿದೆ. ಪ್ರತಿ ಪಾಠದ ಮೊದಲಲ್ಲಿ ಅವಳ ಹೆಸರು ದಪ್ಪ ಅಕ್ಷರದಲ್ಲಿ ಬರುತ್ತದೆ, ಕೊನೆಯಲ್ಲಿ ಒಂದೇ ಒಂದು ಸಾಲು, ವಿಡಿಯೊ ತಯಾರಿಸಿದವರು ಇಂಥವರು ಎಂದು, ಚಿಕ್ಕ ಅಕ್ಷರದಲ್ಲಿ ಹಾಕಿಕೊಳ್ಳಲೇ ಎಂದೆ. "ರೋಗಿಗೆ ಅದರಿಂದ ಏನಮ್ಮ ಉಪಯೋಗ?" ಎಂದರು ಅವರು. ತಪ್ಪಿಲ್ಲ, ಉಪಯೋಗವಿಲ್ಲ. ಆದರೆ ನನ್ನ ಓರಗಿತ್ತಿ ಪಕ್ಕದ ಕುರ್ಚಿಯಲ್ಲೇ ಕೂತಿದ್ದಳು. ಹಾಕೋಣ ಸರ್ ಎಂದು ಅವಳು ಒಂದು ಮಾತು ಹೇಳಿದ್ದರೆ ಆಗಿಹೋಗುತ್ತಿತ್ತು. ಅವಳು ಫೋನಿನಲ್ಲಿ ಏನೋ ನೋಡುತ್ತಿದ್ದಳು. ನೋಡುತ್ತಲೇ ಇದ್ದಳು.

ಮರುದಿನ ಇಪ್ಪತ್ತೂ ಪಾಠಗಳನ್ನು ಎನ್‌ಕೋಡ್ ಮಾಡಿದೆ. ಮೊದಲ ಎರಡು ಫೈಲುಗಳು ಚೊಕ್ಕವಾಗಿದ್ದವು. ಮೂರನೆಯದನ್ನು ಹಳೆಯ ಕಂಪ್ಯೂಟರಿನಲ್ಲಿ ಓಡಿಸಿದೆ. ನಾನು ಹೇಳಿದ ಹಾಗೇ ಆಗಿತ್ತು. ಅವಳ ತುಟಿ ತೆರೆಯುತ್ತದೆ, ದನಿ ಬರುವುದಿಲ್ಲ. ಅರ್ಧ ಸೆಕೆಂಡಿಗೆ ಕೂದಲೆಳೆಯಷ್ಟು ಕಡಿಮೆ ಕಾದು ಆಮೇಲೆ ಬರುತ್ತದೆ. ಸರಿಮಾಡುವುದು ದೊಡ್ಡ ಕೆಲಸವೇನಲ್ಲ. ಒಂದು ಕಡೆ ಒಂದು ಅಂಕಿ ಬದಲಾಯಿಸಿ ಮತ್ತೆ ಎನ್‌ಕೋಡ್‌ಗೆ ಹಚ್ಚಿದರೆ ಅದು ತಾನೇ ಮಾಡಿಕೊಳ್ಳುತ್ತದೆ. ನಾನು ಆ ಅಂಕಿ ಬದಲಾಯಿಸಲಿಲ್ಲ. ಅವಳ ಬಾಯಿ ಒಂದು ಕಡೆ, ಮಾತು ಒಂದು ಕಡೆ ಹೋಗುವುದನ್ನು ನೋಡುತ್ತಾ ಒಬ್ಬಳೇ ನಕ್ಕೆ. ನಕ್ಕು ಇಪ್ಪತ್ತನ್ನೂ ಹಾಗೇ ಹಾಕಿದೆ. ತಪ್ಪು ತಾನಾಗಿ ಬಂದದ್ದು, ನೋಡಿಯೂ ಬಿಟ್ಟವಳು ನಾನು. ಯಾರು ನೋಡುತ್ತಾರೆ, ನೂರಕ್ಕೆ ಇಬ್ಬರು ತಾನೇ ಎಂದುಕೊಂಡೆ.

ಎರಡು ತಿಂಗಳಿಗೆ ಒಂದು ಶಾಲೆಯವರು ತಮಗೆ ಬೇಡವಾದ ನಲವತ್ತು ಹಳೆಯ ಟ್ಯಾಬುಗಳನ್ನು ಆಸ್ಪತ್ರೆಗೆ ಕೊಟ್ಟರು. ಮನೆಯಲ್ಲಿ ಅಭ್ಯಾಸ ಮಾಡಲು ಏನೂ ಇಲ್ಲದ ರೋಗಿಗಳಿಗೆ ಒಂದೊಂದು ಕೊಡೋಣ ಎಂಬ ಯೋಚನೆ ನನ್ನ ಓರಗಿತ್ತಿಯದು. ಪತ್ರಿಕೆಯಲ್ಲಿ ಅವಳ ಫೋಟೋ ಬಂತು, ಟ್ಯಾಬುಗಳ ರಾಶಿಯ ಪಕ್ಕ. ಆ ನಲವತ್ತನ್ನೂ ಒರೆಸಿ, ಹಳೆಯದನ್ನೆಲ್ಲ ಅಳಿಸಿ, ಒಂದೊಂದರಲ್ಲೂ ಪಾಠದ ಪುಟ ತೆರೆದಿಟ್ಟು ಕೊಡಲು ನನಗೆ ಮೂರು ದಿನ ಹಿಡಿಯಿತು. ಅವುಗಳ ಬ್ರೌಸರು ಎಷ್ಟು ಹಳೆಯದು, ಯಾವ ಫೈಲ್ ಎತ್ತಿಕೊಳ್ಳುತ್ತದೆ ಎಂದು ಹೊಳೆಯಲಿಲ್ಲವೇ ಎಂದು ಕೇಳುತ್ತೀರಿ. ಹೊಳೆಯಲಿಲ್ಲ. ಫೋಟೋದಲ್ಲಿ ನಾನಿಲ್ಲ ಎಂಬುದೊಂದೇ ತಲೆಯಲ್ಲಿ ಕೂತಿತ್ತು. ವಿಡಿಯೊ ಓಡುತ್ತದೆಯೇ ಎಂದು ಎಲ್ಲದರಲ್ಲೂ ನೋಡಿದೆ, ಆದರೆ ದನಿ ಬಂದ್ ಮಾಡಿ ನೋಡಿದೆ. ಅವಳ ದನಿಯನ್ನು ನಲವತ್ತು ಸಲ ಕೇಳುವಷ್ಟು ತಾಳ್ಮೆ ನನಗಿರಲಿಲ್ಲ.

ನಾಲ್ಕು ತಿಂಗಳಾದ ಮೇಲೆ ಒಂದು ಸಂಜೆ ಊಟದ ಮೇಜಿನಲ್ಲಿ ಅವಳು ಕೈ ತೊಳೆಯುವುದನ್ನೂ ಮರೆತು ಹೇಳತೊಡಗಿದಳು.

"ಅತ್ತೆ, ಒಂದು ವಿಚಿತ್ರ ಕೇಳಿ. ಮನೇಲಿ ಅಭ್ಯಾಸ ಮಾಡೋರಲ್ಲಿ ಒಂಬತ್ತು ಜನಕ್ಕೆ ಒಂದೇ ಥರ ಆಗ್ತಿದೆ. ಬಾಯಿ ಮೊದಲು ತೆರೆಯುತ್ತೆ, ದನಿ ಆಮೇಲೆ ಬರುತ್ತೆ. ಎಲ್ಲರಿಗೂ ಅಷ್ಟೇ ಹೊತ್ತು ತಡ. ಯಾವ ಪುಸ್ತಕದಲ್ಲೂ ಇಲ್ಲ ಇದು. ದೊಡ್ಡ ಡಾಕ್ಟರು ಮುಂದಿನ ತಿಂಗಳ ಸಭೇಲಿ ಇದನ್ನೇ ಓದು ಅಂದಿದಾರೆ."

"ಹಾಗಾದ್ರೆ ನೀನೇ ಕಂಡುಹಿಡಿದೆ ಅನ್ನು," ಎಂದರು ಅತ್ತೆ.

ಯಾರೂ ನನ್ನತ್ತ ನೋಡುತ್ತಿರಲಿಲ್ಲ, ಆದರೂ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಂಡೆ. ಆದರೆ ನಿಜ ಹೇಳಬೇಕಲ್ಲ, ಮೊದಲು ಬಂದದ್ದು ಭಯವಲ್ಲ, ಖುಷಿ. ಅವಳು ತುಂಬಿದ ಸಭೆಯಲ್ಲಿ ಇದನ್ನು ಓದುತ್ತಾಳೆ, ಒಂದಲ್ಲ ಒಂದು ದಿನ ಯಾರೋ ಒಬ್ಬರು ಟ್ಯಾಬ್ ತೆಗೆದು ನೋಡುತ್ತಾರೆ, ಅಲ್ಲಿಗೆ ಮುಗಿಯಿತು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಬೆಳಿಗ್ಗೆ ಆಸ್ಪತ್ರೆಗೆ ಹೋದರೆ ನನ್ನ ಕೋಣೆಯ ಹೊರಗಿನ ಬೆಂಚಿನಲ್ಲಿ, ನಾವು ಬಸ್ ನಿಲ್ದಾಣದವರು ಎನ್ನುತ್ತಿದ್ದ ರೋಗಿ ಕೂತಿದ್ದರು. ಇಪ್ಪತ್ತೆರಡು ವರ್ಷ ಯಾವ ಬಸ್ಸು ಎಲ್ಲಿಗೆ, ಎಷ್ಟು ಹೊತ್ತಿಗೆ ಎಂದು ಮೈಕಿನಲ್ಲಿ ಕೂಗಿದವರು. ನಾನೂ ಅವರ ದನಿ ಕೇಳಿ ಓಡಿ ಬಸ್ ಹತ್ತಿದ್ದೇನೆ. ಪಕ್ಕದಲ್ಲಿ ಅವರ ಹೆಂಡತಿ, ಮಡಿಲಲ್ಲಿ ಟ್ಯಾಬ್.

"ಚಾರ್ಜ್ ನಿಲ್ತಿಲ್ಲ ಮೇಡಂ, ಸ್ವಲ್ಪ ನೋಡಿ," ಎಂದರು ಆಕೆ. "ದಿನಾ ಮೂರು ಗಂಟೆ ಇದರ ಮುಂದೆ ಕೂರ್ತಾರೆ. ಇನ್ನು ಹನ್ನೆರಡು ದಿನಕ್ಕೆ ಮೈಕ್ ಮುಂದೆ ನಿಲ್ಲಿಸಿ ಪರೀಕ್ಷೆ ಮಾಡ್ತಾರಂತೆ. ಪಾಸಾದ್ರೆ ಅದೇ ಕೆಲಸ, ಇಲ್ಲ ಅಂದ್ರೆ ಬೇರೆ ಕಡೆ ಹಾಕ್ತಾರೆ."

"ಈಗ ಹೇಗಿದೆ?" ಎಂದು ಅವರನ್ನೇ ಕೇಳಿದೆ.

ಅವರ ತುಟಿ ಕೂಡಿತು, ಬಿಟ್ಟಿತು. ಬಾಯಿ ತೆರೆದೇ ನಿಂತಿತು. ಕಣ್ಣು ನನ್ನ ಮುಖದ ಮೇಲೆ. ಆಮೇಲೆ "ಪರವಾಗಿಲ್ಲ" ಎಂಬ ದನಿ ಬಂತು, ಬೇರೆ ಯಾರೋ ಹಿಂದಿನಿಂದ ಹೇಳಿದ ಹಾಗೆ.

"ಮಾತು ಬಂದಿದೆ, ಆದ್ರೆ ಇದೊಂದು," ಎಂದರು ಆಕೆ. "ನೀರು ಕೇಳೋಕೆ ಬಾಯಿ ತೆರೀತಾರೆ, ಅಷ್ಟರಲ್ಲಿ ನಾನೇ ಏನು ಬೇಕು ಅಂತ ಕೇಳಿಬಿಡ್ತೀನಿ. ಅದಕ್ಕೆ ಅವರಿಗೆ ಸಿಟ್ಟು. ಫೋನಲ್ಲಂತೂ ಎಲ್ಲರೂ ಹಲೋ ಹಲೋ ಅಂತ ಇಟ್ಟೇಬಿಡ್ತಾರೆ."

ಆ ತಡ ಎಷ್ಟೆಂದು ನನಗೆ ಅಳೆಯಬೇಕಾಗಿರಲಿಲ್ಲ. ಅರ್ಧ ಸೆಕೆಂಡಿಗೆ ಕೂದಲೆಳೆಯಷ್ಟು ಕಡಿಮೆ. ಅವರಿಗೆ ಹಾಗೆ ಮಾತಾಡಲು ನಾನೇ ಕಲಿಸಿದ್ದೆ. ರಾತ್ರಿಯ ಖುಷಿ ಎಲ್ಲಿ ಹೋಯಿತೋ, ಕೋಣೆಯೊಳಗೆ ಹೋಗಿ ಗಾಲಿಕುರ್ಚಿಯ ಮೇಲಿನ ಡಬ್ಬಿ ಸರಿಸಿ ಕೂತೆ.

ಮಧ್ಯಾಹ್ನದ ಒಳಗೆ ಇಪ್ಪತ್ತು ಪಾಠಗಳ ಮೂರನೆಯ ಫೈಲನ್ನೂ ಸರಿಮಾಡಿ ಹಾಕಿದೆ. ಹಳೆಯ ಟ್ಯಾಬುಗಳು ಒಮ್ಮೆ ನೋಡಿದ್ದನ್ನೇ ಹೊಟ್ಟೆಯಲ್ಲಿಟ್ಟುಕೊಂಡು ಮತ್ತೆ ಮತ್ತೆ ಅದನ್ನೇ ತೋರಿಸುತ್ತವೆ, ಅದಕ್ಕೆ ಫೈಲುಗಳ ಹೆಸರನ್ನೂ ಬದಲಾಯಿಸಿದೆ. ಯಾರಿಗೂ ಹೇಳಲಿಲ್ಲ.

ಅದೇ ವಾರ ನನ್ನ ಓರಗಿತ್ತಿ ಹೊಸ ಅಭ್ಯಾಸ ಶುರುಮಾಡಿದಳು. ಮಾತಿಗೊಮ್ಮೆ ಬೆರಳಿನಿಂದ ಮೇಜು ತಟ್ಟುತ್ತಾ ಹೇಳುವುದು. ತಟ್ಟಿದ ಕ್ಷಣಕ್ಕೇ ದನಿ ಬರಬೇಕು. ಒಬ್ಬೊಬ್ಬರಿಗೇ ಆ ತಡ ಕಡಿಮೆಯಾಗುತ್ತಾ ಬಂತು. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು. ಕಾಯಿಲೆಯನ್ನೂ ಕಂಡುಹಿಡಿದಳು, ಮದ್ದನ್ನೂ ಕಂಡುಹಿಡಿದಳು ಎಂದು ದೊಡ್ಡ ಡಾಕ್ಟರು ಸಿಕ್ಕಿದವರಿಗೆಲ್ಲ ಹೇಳಿಕೊಂಡು ಓಡಾಡಿದರು. ಇನ್ನೆರಡು ಆಸ್ಪತ್ರೆಗಳಲ್ಲಿ ಮೇಜು ತಟ್ಟುವುದು ಶುರುವಾಯಿತು.

ಬಸ್ ನಿಲ್ದಾಣದವರಿಗೆ ಹನ್ನೆರಡು ದಿನ ಸಾಲಲಿಲ್ಲ. ಮೈಕಿನ ಮುಂದೆ ಬಾಯಿ ತೆರೆದು ನಿಂತರಂತೆ. ಮೊದಲಿಗಿಂತ ಕಡಿಮೆ ಹೊತ್ತೇ, ಆದರೂ ನಿಂತರು. ಪರೀಕ್ಷೆ ಮಾಡಿದವರು ಒಳ್ಳೆಯವರು, ಸಾಮಾನು ಇಡುವ ಕೋಣೆಯಲ್ಲಿ ಚೀಟಿ ಅಂಟಿಸುವ ಕೆಲಸ ಕೊಟ್ಟರು. ಅಲ್ಲಿ ಮಾತು ಬೇಕಾಗಿಲ್ಲ.

ಈ ಸುದ್ದಿ ಹೇಳುತ್ತಾ ನನ್ನ ಓರಗಿತ್ತಿ ಅಡುಗೆಮನೆಯಲ್ಲಿ ಅತ್ತಳು. "ತಟ್ಟೋದು ಒಂದು ತಿಂಗಳು ಮುಂಚೆ ಹೊಳೆದಿದ್ರೆ ಅವರ ಕೆಲಸ ಉಳೀತಿತ್ತು ಅತ್ತೆ. ನಂದೇ ತಪ್ಪು." ಅತ್ತೆ ಅವಳ ತಲೆಯನ್ನು ಹೆಗಲಿಗೆ ಒರಗಿಸಿಕೊಂಡು ಬೆನ್ನು ಸವರಿದರು. ನಾನು ಪಾತ್ರೆ ಒರೆಸುತ್ತಾ ನಿಂತಿದ್ದೆ. ಅವಳ ಅಳುವಿನ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ಆ ಅಳು ನನ್ನದಾಗಬೇಕಿತ್ತು, ಆ ಹೆಗಲೂ.

ಸಭೆಯ ಹಿಂದಿನ ದಿನ ಅವಳು ನನ್ನ ಕೋಣೆಗೆ ಬಂದಳು. ದೊಡ್ಡ ಪರದೆಗೆ ಹಾಕಲು ವಿಡಿಯೊ ಬೇಕಿತ್ತು. ಮೇಜಿನ ಅಂಚಿನಲ್ಲಿ ಕೂತು, ಬೆರಳಿನಿಂದ ಟಕ್ ಟಕ್ ಎಂದು ತಟ್ಟುತ್ತಾ, "ಕೊನೇಲಿ ಈ ತಟ್ಟೋದನ್ನೇ ಎತ್ತಿ ಹೇಳ್ತೀನಿ ಅಕ್ಕ. ಇದರಿಂದಲೇ ತಾನೇ ಎಲ್ಲ ಸರಿಹೋಗಿದ್ದು," ಎಂದಳು.

ಪಶ್ಚಾತ್ತಾಪದಿಂದ ಬಾಯಿ ಬಿಟ್ಟೆ ಎಂದು ಹೇಳಿಕೊಳ್ಳಲು ನನಗೂ ಆಸೆಯಿದೆ. ಹಾಗೇನಿಲ್ಲ. ನಾನು ಮಾಡಿದ್ದನ್ನು ಅವಳು ತನ್ನದೆನ್ನುತ್ತಿದ್ದಾಳೆ ಎಂಬುದನ್ನು ತಡೆಯಲಾಗಲಿಲ್ಲ, ಅಷ್ಟೇ.

"ತಟ್ಟಿದ್ದಕ್ಕಲ್ಲ ಅವರು ಸರಿಹೋಗಿದ್ದು," ಎಂದೆ. "ನಾನು ಸರಿ ಮಾಡಿದೆ."

ಬೆರಳು ನಿಂತಿತು. "ಏನು ಸರಿ ಮಾಡಿದ್ರಿ?"

ಅದಕ್ಕೆ ಉತ್ತರ ಹೇಳಬೇಕೆಂದರೆ ಏನು ಕೆಟ್ಟಿತ್ತು ಎಂದೂ ಹೇಳಬೇಕಿತ್ತು. ಹೇಳುವುದಕ್ಕಿಂತ ತೋರಿಸುವುದು ಸುಲಭವೆನಿಸಿತು. ಹಳೆಯ ಕಂಪ್ಯೂಟರ್ ಎಳೆದು ಹಳೆಯ ಫೈಲ್ ಓಡಿಸಿದೆ. ಅವಳು ಬಗ್ಗಿ ತನ್ನದೇ ತುಟಿಯನ್ನು ನೋಡಿದಳು. "ಇನ್ನೊಂದ್ ಸಲ," ಎಂದಳು. ಮತ್ತೊಮ್ಮೆ ನೋಡಿದಳು.

"ಇದು ನಿಮಗೆ ಯಾವಾಗ ಗೊತ್ತಾಯ್ತು?"

"ಹಾಕಿದ ದಿನಾನೇ."

"ಮತ್ತೆ ಯಾಕೆ ಹಾಕಿದ್ರಿ?"

"ನಿನ್ನ ಮೇಲೆ ಹೊಟ್ಟೆಕಿಚ್ಚು," ಎಂದೆ. ಆರು ವರ್ಷ ಬಾಯೊಳಗಿದ್ದ ಮಾತು ಇಷ್ಟು ಚಿಕ್ಕದೆಂದು ಗೊತ್ತಿರಲಿಲ್ಲ.

ಅವಳು ಸಿಟ್ಟಾಗುತ್ತಾಳೆ ಎಂದು ಕಾದೆ. ಅವಳ ಮುಖ ಬಿಳಿಚಿಕೊಂಡಿತ್ತು. "ನನ್ನ ಮೇಲಿದ್ರೆ ನನ್ನ ಹತ್ರ ಜಗಳ ಆಡ್ಬೇಕಿತ್ತು," ಎಂದಳು. "ಬಸ್ ಸ್ಟ್ಯಾಂಡಿನವರು ನಿಮಗೇನು ಮಾಡಿದ್ರು?"

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎಂದು ಬೇರೆಯವರ ಬಗ್ಗೆ ಎಷ್ಟು ಸಲ ಆಡಿಕೊಂಡು ನಕ್ಕಿದ್ದೆನೋ. ಅವಳು ಎದ್ದು ಬಾಗಿಲವರೆಗೆ ಹೋಗಿ, "ನಾಳೆ ನಾನೇ ಹೇಳ್ತೀನಿ," ಎಂದು ಹೊರಟುಹೋದಳು. ಅಷ್ಟೂ ಹೊತ್ತು ಒಮ್ಮೆಯೂ ಅಕ್ಕ ಎನ್ನಲಿಲ್ಲ. ಮನೆಗೆ ಬಂದ ಮೇಲೂ ಯಾರಿಗೂ ಏನೂ ಹೇಳಲಿಲ್ಲ, ತಲೆನೋವೆಂದು ಬೇಗ ಮಲಗಿದಳು.

ಸಭೆಗೆ ನೂರೈವತ್ತು ಜನ. ಎರಡನೇ ಸಾಲಿನಲ್ಲಿ ಅತ್ತೆ, ಇಸ್ತ್ರಿ ಮಾಡಿದ ಸೀರೆಯಲ್ಲಿ. ಪಕ್ಕದ ಸಾಲಿನ ತುದಿಯಲ್ಲಿ ಬಸ್ ನಿಲ್ದಾಣದವರು ಮತ್ತು ಅವರ ಹೆಂಡತಿ. ನಾನು ಹಿಂದೆ ಪ್ರೊಜೆಕ್ಟರಿನ ಮೇಜಿನಲ್ಲಿ, ಕೈಚೀಲವನ್ನು ಕಾಲ ಬಳಿ ಸಿದ್ಧವಾಗಿಟ್ಟುಕೊಂಡು ಕೂತಿದ್ದೆ. ಹೆಸರು ಹೇಳಿದ ತಕ್ಷಣ ಎದ್ದು ಹೋಗುವುದೆಂದು ನಿಶ್ಚಯಿಸಿದ್ದೆ.

"ನಾನು ಬರೆದದ್ದು ತಪ್ಪು," ಎಂದು ಅವಳು ಶುರುಮಾಡಿದಳು. "ಅಂಥ ಯಾವ ಲಕ್ಷಣವೂ ಇಲ್ಲ. ಹಳೇ ಟ್ಯಾಬುಗಳಿಗೆ ಹೋದ ವಿಡಿಯೊದಲ್ಲಿ ನನ್ನ ದನಿ ತಡವಾಗಿ ಬರ್ತಿತ್ತು. ನಾವು ತಪ್ಪಾಗಿ ಕಲಿಸಿದ್ದನ್ನ ರೋಗಿಗಳು ಸರಿಯಾಗಿ ಕಲಿತರು. ಫೋನಲ್ಲಿ ತೆಗೀಬೇಡಿ ಅಂತ ನಮ್ಮ ವಿಡಿಯೊ ವಿಭಾಗದವರು ಮೊದಲೇ ಹೇಳಿದ್ರು, ನಾನು ಕೇಳಲಿಲ್ಲ. ತಪ್ಪು ನನ್ನದು. ಸರಿ ಮಾಡಿದವರು ಅವರು. ಮೇಜು ತಟ್ಟೋದನ್ನ ದಯವಿಟ್ಟು ಎಲ್ಲರೂ ನಿಲ್ಲಿಸಿ."

ಒಂದೊಂದು ಮಾತೂ ನಿಜವೇ. ಬಿಟ್ಟದ್ದು ಒಂದೇ ಮಾತು. ಅವಳು ಇಳಿದು ಬಸ್ ನಿಲ್ದಾಣದವರ ಮುಂದೆ ನಿಂತು ಕೈಮುಗಿದಳು. ದೊಡ್ಡ ಡಾಕ್ಟರು ಎದ್ದು ನಿಂತು ಚಪ್ಪಾಳೆ ತಟ್ಟಿದರು, ಸಭೆಯೆಲ್ಲ ತಟ್ಟಿತು. ಬಸ್ ನಿಲ್ದಾಣದವರು ಬಲಗೈ ಏಳದ್ದರಿಂದ ಎಡಗೈಯನ್ನು ತೊಡೆಯ ಮೇಲೆ ಬಡಿದರು. ಕೆಲವರು ಹಿಂದೆ ತಿರುಗಿ ನನ್ನತ್ತಲೂ ನೋಡಿ ನಕ್ಕರು. ಆರು ವರ್ಷದಲ್ಲಿ ಮೊದಲ ಸಲ. ನಾನು ಮಾಡಿದ ತಪ್ಪಿಗೂ ಚಪ್ಪಾಳೆ ಅವಳಿಗೇ ಎಂದು ಆಗಲೂ ಹೊಟ್ಟೆ ಉರಿಯಿತು.

ಜನ ಏಳುತ್ತಿದ್ದ ಹಾಗೆ ಅತ್ತೆ ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ನನ್ನ ಹತ್ತಿರ ಬಂದರು. "ಎಷ್ಟು ದೊಡ್ಡ ಮನಸ್ಸು ನೋಡು ಅವಳದ್ದು. ಯಾರು ಒಪ್ಕೋತಾರೆ ಹೀಗೆ?"

"ಅತ್ತೆ, ತಪ್ಪು ನನ್ನದು," ಎಂದೆ. "ದನಿ ಜಾರಿದ್ದು ನನಗೆ ಅವತ್ತೇ ಗೊತ್ತಿತ್ತು. ನೋಡೀನೇ ಬಿಟ್ಟೆ."

ಅತ್ತೆ ನನ್ನ ಮುಖವನ್ನೇ ನೋಡಿದರು. ಅವರ ಕಣ್ಣಲ್ಲಿ ನೀರು ತುಂಬಿತು.

"ಅವಳ ಮಾನ ಉಳಿಸೋಕೆ ನೀನು ಮೈಮೇಲೆ ಹಾಕ್ಕೋತೀಯಾ?" ಎಂದರು. "ನಿನ್ನನ್ನ ನಾನು ಇಷ್ಟು ವರ್ಷ ಸರಿಯಾಗಿ ನೋಡಲೇ ಇಲ್ಲ ಕಣೆ." ಕೈ ಎತ್ತಿ ನನ್ನ ಕೆನ್ನೆ ಸವರಿದರು. ಕೈ ಅಲ್ಲೇ ಇಟ್ಟುಕೊಂಡರು.

ಮೂರು ಹೆಜ್ಜೆ ಆಚೆ ನನ್ನ ಓರಗಿತ್ತಿ ಬಂದು ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ತಲೆ ಸ್ವಲ್ಪ ವಾಲಿಸಿ, ನನ್ನನ್ನೇ ನೋಡುತ್ತಾ ಕಾದಳು. ಅವಳ ಹಿಂದೆ ಬಸ್ ನಿಲ್ದಾಣದವರು ಹೆಂಡತಿಯ ತೋಳು ಹಿಡಿದು ಬಾಗಿಲ ಕಡೆ ಒಂದೊಂದೇ ಹೆಜ್ಜೆ ಇಡುತ್ತಿದ್ದರು. ಸುಳ್ಳಲ್ಲ ಅತ್ತೆ, ನಿಜವಾಗಿ ನಾನೇ ಎಂದು ಇನ್ನೊಮ್ಮೆ ಹೇಳಬೇಕಿತ್ತು.

ಅತ್ತೆಯ ಅಂಗೈ ಬೆಚ್ಚಗಿತ್ತು. ನಾನು ಸುಮ್ಮನೆ ನಿಂತೆ.